ನಮ್ಮ ಗ್ರೇಡ್ ನಾವೇ ಹಾಕ್ಕೊಂಡ್ರೆ?

ನಮ್ಮ ಹಾಸ್ಟೆಲ್‌ನಲ್ಲಿ ಕೇಳಿ ನೋಡಿ, ಚಿಕ್ಕಂದಿನಲ್ಲಿ ವಯೊಲಿನ್ನೋ ಕೀಬೋರ್ಡೋ ಕಲಿತವರು ತುಂಬಾ ಜನ ಸಿಗ್ತಾರೆ. ಈಗಲೂ ನುಡಿಸ್ತೀಯಾ ಅಂದ್ರೆ ಉತ್ತರ ಒಂದೇ: "ಇಲ್ಲ ಮಗಾ, ಪಿಯುಸಿಗೆ ಬಂದಾಗ ಬಿಟ್ಟೆ." ಸ್ಟೇಜ್ ಹತ್ತುವಷ್ಟು ಬರದಿದ್ರೆ ನುಡಿಸಿ ಏನು ಪ್ರಯೋಜನ ಅಂತ ನಾನೂ ಅಂದ್ಕೊಂಡಿದ್ದೆ. ಪಾಶ್ಚಾತ್ಯ ಸಂಗೀತದ ಚೇಂಬರ್ ಮ್ಯೂಸಿಕ್ ಬಗ್ಗೆ ಓದಿದ ಮೇಲೆ ಆ ಲೆಕ್ಕ ತಪ್ಪು ಅನ್ನಿಸ್ತು.

ಚೇಂಬರ್ ಅಂದ್ರೆ ಕೋಣೆ. ಆರ್ಕೆಸ್ಟ್ರಾದಲ್ಲಿ ಒಂದೇ ಪಾರ್ಟ್ ಅನ್ನು ಹತ್ತಾರು ವಯೊಲಿನ್‌ಗಳು ಒಟ್ಟಿಗೆ ನುಡಿಸುತ್ತವೆ, ಎದುರಿಗೆ ಕಂಡಕ್ಟರ್ ಇರ್ತಾರೆ. ಚೇಂಬರ್ ಮ್ಯೂಸಿಕ್‌ನಲ್ಲಿ ಒಂದು ಪಾರ್ಟ್‌ಗೆ ಒಬ್ಬರೇ, ಕಂಡಕ್ಟರೂ ಇಲ್ಲ. ಉದಾಹರಣೆಗೆ ಸ್ಟ್ರಿಂಗ್ ಕ್ವಾರ್ಟೆಟ್: ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೊ. ಆಸ್ಟ್ರಿಯಾದ ಜೋಸೆಫ್ ಹೈಡನ್ (1732–1809) ಈ ಪ್ರಕಾರವನ್ನು ಬೆಳೆಸಿದವರಲ್ಲಿ ಮುಖ್ಯರು. ಆಗ ಇದನ್ನು ಹೆಚ್ಚಾಗಿ ಮನೆಗಳಲ್ಲಿ ನುಡಿಸ್ತಿದ್ರು.

ಹಾಗಾದ್ರೆ ತಾಳ ತಪ್ಪದ ಹಾಗೆ ನೋಡ್ಕೊಳ್ಳೋದು ಯಾರು? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇದು ಮಾಸ್ಟರ್ ಕ್ಲಾಕ್ ಇಲ್ಲದ ಸಿಸ್ಟಮ್. ಒಬ್ಬರ ಉಸಿರು, ಬಿಲ್ಲಿನ ಚಲನೆ, ಕಣ್ಸನ್ನೆ ನೋಡಿ ಇನ್ನೊಬ್ಬರು ಕ್ಷಣಕ್ಷಣಕ್ಕೂ ತಿದ್ದಿಕೊಳ್ತಾರೆ. ಅಂದ್ರೆ ಫೀಡ್‌ಬ್ಯಾಕ್. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡು ಕ್ವಾರ್ಟೆಟ್‌ಗಳಲ್ಲಿ ಇದನ್ನೇ ಅಳೆಯಿತು. ಒಂದರಲ್ಲಿ ಮೊದಲ ವಯೊಲಿನ್‌ಗೆ ಉಳಿದವರು ಹೆಚ್ಚು ಹೊಂದಿಕೊಳ್ತಿದ್ರು. ಇನ್ನೊಂದರಲ್ಲಿ ನಾಲ್ವರೂ ಹೆಚ್ಚುಕಡಿಮೆ ಸಮಾನವಾಗಿ ತಿದ್ದಿಕೊಳ್ತಿದ್ರು.

ಇದಕ್ಕೆ ಜೊತೆ ಬೇಕು. ಅಮೆರಿಕದ ಇಂಡಿಯಾನಾಪೊಲಿಸ್‌ನ ವ್ಯಾಪಾರಿ ಲಿಯೊನಾರ್ಡ್ ಸ್ಟ್ರಾಸ್ ಅವರಿಗೆ ಬೇರೆ ಊರುಗಳಿಗೆ ಹೋದಾಗ ಜೊತೆಗೆ ನುಡಿಸೋಕೆ ಯಾರೂ ಸಿಗ್ತಿರಲಿಲ್ಲ. ಆ ತೊಂದರೆಯಿಂದಲೇ 1947ರಲ್ಲಿ 'ಅಮೆಚೂರ್ ಚೇಂಬರ್ ಮ್ಯೂಸಿಕ್ ಪ್ಲೇಯರ್ಸ್' ಸಂಘ ಹುಟ್ಟಿತು. ಅದರ ಮುಖ್ಯ ಕೆಲಸ ಒಂದು ಡೈರೆಕ್ಟರಿ: ಹೆಸರು, ಊರು, ವಾದ್ಯ, ಜೊತೆಗೆ ಎ, ಬಿ, ಸಿ, ಡಿ ಅಂತ ಒಂದು ಗ್ರೇಡ್.

ಆ ಗ್ರೇಡನ್ನು ಹಾಕೋದು ಪರೀಕ್ಷಕರಲ್ಲ, ಅವರವರೇ. ಎಲ್ಲರೂ 'ಎ' ಹಾಕ್ಕೊಳ್ಳಲ್ವಾ ಅನ್ಬಹುದು. ಹಾಕ್ಕೊಂಡು ಏನು ಲಾಭ? ಕಷ್ಟದ ಕೃತಿ ಎದುರಿಗೆ ಬರುತ್ತೆ, ಎರಡನೇ ಸಾಲಲ್ಲೇ ದಾರಿ ತಪ್ಪುತ್ತೆ, ನಾಲ್ವರ ಸಂಜೆ ಹಾಳಾಗುತ್ತೆ. ನಮ್ಮ ಸಿಜಿಪಿಎ ಇರೋದು ಜನರನ್ನು ಸೋಸೋಕೆ. ಇಲ್ಲಿ ಗ್ರೇಡ್ ಇರೋದು ಜೊತೆ ಹುಡುಕೋಕೆ. 'ಸಿ'ಗೆ ಇನ್ನೊಬ್ಬ 'ಸಿ' ಸಿಕ್ಕರೆ ಸಾಕು.

ಎಲ್ಲ ವಯಸ್ಸಿನವರಿಗಾಗಿ ನಡೆಯುವ ಚೇಂಬರ್ ಮ್ಯೂಸಿಕ್ ಕಾರ್ಯಾಗಾರಗಳ ಹಿಂದೆಯೂ ಇದೇ ಯೋಚನೆ ಇದೆ. ಮಟ್ಟ ನೋಡಿ ಗುಂಪು ಮಾಡ್ತಾರೆ, ವಯಸ್ಸು ನೋಡಿ ಅಲ್ಲ. ಒಬ್ಬ ಕೋಚ್ ಜೊತೆ ಒಂದು ಕೃತಿಯ ಒಂದು ಭಾಗವನ್ನು ತಿದ್ದಿ ತೀಡಿ, ಕೊನೆಗೆ ಒಬ್ಬರಿಗೊಬ್ಬರು ನುಡಿಸಿ ತೋರಿಸ್ತಾರೆ. ಹದಿನೈದರ ಹುಡುಗಿ ಮೊದಲ ವಯೊಲಿನ್ ಹಿಡಿದ್ರೆ, ಎಪ್ಪತ್ತರ ಅಜ್ಜ ಅವಳ ಉಸಿರು ನೋಡಿಯೇ ಶುರು ಮಾಡಬೇಕು. ಅಲ್ಲಿ ಯಾರ ತಪ್ಪೂ ಮುಚ್ಚಿಹೋಗಲ್ಲ. ಆದ್ರೆ ಒಬ್ಬರು ಬರದಿದ್ರೂ ಆ ಸಂಗೀತ ಪೂರ್ತಿಯಾಗಲ್ಲ.

ಈ ರಜೆಯಲ್ಲಿ ನಾನು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸ್ತೀನಿ. ನನ್ನ ಗ್ರೇಡ್ 'ಡಿ'. ಇನ್ನು ಮೂವರು ಬೇಕು.