ಬಿರುಕಿನ ಸದ್ದು ಕೇಳುವ ವಿದ್ಯೆ

2009ರ ಲೇಬರ್ ಡೇ ವಾರಾಂತ್ಯದಲ್ಲಿ ಬೇ ಬ್ರಿಡ್ಜ್ ಮುಚ್ಚಿದ್ದು ಆಗಲೇ ಇಲ್ಲಿ ನೆಲೆಸಿದ್ದವರಿಗೆ ನೆನಪಿರಬಹುದು. ಬೇರೆ ಕಾಮಗಾರಿಗೆಂದು ಮುಚ್ಚಿದ್ದಾಗ ಪೂರ್ವ ಭಾಗದ ಒಂದು ಐಬಾರ್‌ನಲ್ಲಿ ಬಿರುಕು ಕಂಡಿತು. ಐಬಾರ್ ಎಂದರೆ ಎರಡು ತುದಿಗಳಲ್ಲೂ ದೊಡ್ಡ ತೂತಿರುವ, ಸೇತುವೆಯ ಭಾರವನ್ನು ಎಳೆದು ಹಿಡಿಯುವ ಉಕ್ಕಿನ ಪಟ್ಟಿ. ತುರ್ತಾಗಿ ದುರಸ್ತಿ ಮಾಡಿ ಸೇತುವೆ ತೆರೆದರು. ಅಕ್ಟೋಬರ್ 27ರ ಸಂಜೆ, ಜೋರು ಗಾಳಿಯಲ್ಲಿ, ದುರಸ್ತಿಗೆಂದು ಹಾಕಿದ್ದ ಉಕ್ಕಿನ ತುಂಡುಗಳೇ ಕಳಚಿ ರಸ್ತೆಯ ಮೇಲೆ ಬಿದ್ದವು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ.

1936ರಲ್ಲಿ ತೆರೆದ ಆ ಸೇತುವೆಯನ್ನು, ಪಕ್ಕದಲ್ಲಿ ಹೊಸದು ಸಿದ್ಧವಾಗುವ ತನಕ, ಇನ್ನೂ ನಾಲ್ಕು ವರ್ಷ ಬಳಸಬೇಕಿತ್ತು. ನೂರಾರು ಐಬಾರ್‌ಗಳ ಮೇಲೆ ಹಗಲಿರುಳು ಕಣ್ಣಿಡುವುದು ಹೇಗೆ? ಕ್ಯಾಲ್‌ಟ್ರಾನ್ಸ್ ಹಿಡಿದ ದಾರಿಗಳಲ್ಲಿ ಒಂದು, ಅವುಗಳಿಗೆ ನೂರಾರು ಸೆನ್ಸರ್ ಅಂಟಿಸಿ ಕಿವಿಗೊಡುವುದು. ಈ ವಿಧಾನದ ಹೆಸರು ಅಕೌಸ್ಟಿಕ್ ಎಮಿಶನ್.

ಹಲಸಿನ ಹಣ್ಣನ್ನು ತಟ್ಟಿ ನೋಡುವುದು, ಮಡಕೆಯನ್ನು ಬೆರಳ ಗೆಣ್ಣಿನಿಂದ ಬಾರಿಸಿ ಕೊಳ್ಳುವುದು ನಮಗೆಲ್ಲ ಗೊತ್ತು. ಅಲ್ಟ್ರಾಸೌಂಡ್ ಪರೀಕ್ಷೆಯೂ ಒಂದು ಬಗೆಯಲ್ಲಿ ಹೀಗೆ ತಟ್ಟಿ ನೋಡುವುದೇ. ಅಕೌಸ್ಟಿಕ್ ಎಮಿಶನ್‌ನಲ್ಲಿ ನಾವು ತಟ್ಟುವುದಿಲ್ಲ, ವಸ್ತುವೇ ಸದ್ದು ಮಾಡುತ್ತದೆ. ಭಾರ ಹೊತ್ತ ಹಳೆಯ ಮನೆಯ ತೊಲೆ ರಾತ್ರಿ ಹೊತ್ತು ‘ಲಟಕ್’ ಎನ್ನುವುದಿಲ್ಲವೇ, ಹಾಗೆ. ಬಿರುಕು ಕೂದಲೆಳೆಯಷ್ಟು ಮುಂದುವರಿದರೂ ಅಲ್ಲಿ ಬಿಗಿದಿದ್ದ ಶಕ್ತಿ ಒಮ್ಮೆಗೇ ಬಿಡುಗಡೆಯಾಗಿ ಅಲೆಯಾಗಿ ಹರಡುತ್ತದೆ. ಸೆನ್ಸರ್‌ನ ಒಳಗಿನ ಪೀಜೋ ಹರಳು ಆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುತ್ತದೆ.

ಸದ್ದು ಎಲ್ಲಿಂದ ಬಂತೆಂದು ತಿಳಿಯುವ ಲೆಕ್ಕ ಹೈಸ್ಕೂಲು ಮಕ್ಕಳಿಗೂ ಬರುತ್ತದೆ. ಒಂದು ಉಕ್ಕಿನ ಪಟ್ಟಿಯ ಮೇಲೆ 3 ಮೀಟರ್ ಅಂತರದಲ್ಲಿ ಎರಡು ಸೆನ್ಸರ್ ಇವೆ ಎನ್ನಿ. ಅಲೆಯ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. ಎಡಗಡೆಯ ಸೆನ್ಸರ್‌ಗೆ ಸದ್ದು 0.2 ಮಿಲಿಸೆಕೆಂಡ್ ಮೊದಲು ತಲುಪಿದರೆ ಎರಡು ದಾರಿಗಳ ವ್ಯತ್ಯಾಸ 1 ಮೀಟರ್. ಅಂದರೆ ಬಿರುಕು ಎಡಗಡೆಯಿಂದ 1 ಮೀಟರ್, ಬಲಗಡೆಯಿಂದ 2 ಮೀಟರ್ ದೂರದಲ್ಲಿದೆ. ಹೇವರ್ಡ್ ಫಾಲ್ಟ್‌ನಲ್ಲಿ ನೆಲ ನಡುಗಿದಾಗ ಕೇಂದ್ರವನ್ನು ಗುರುತಿಸುವುದೂ ಇದೇ ತತ್ತ್ವದಿಂದ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 3 ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್‌ನಂಥ ಕಡೆ ಬಂಡೆ ಸಿಡಿದು ಕಾರ್ಮಿಕರು ಸಾಯುತ್ತಿದ್ದರು. ಅಲ್ಲಿಯೂ ಜಿಯೋಫೋನ್‌ಗಳನ್ನಿಟ್ಟು, ಬಂಡೆ ಎಲ್ಲಿ ಸಿಡಿಯುತ್ತಿದೆ ಎಂದು ಹೀಗೆಯೇ ಪತ್ತೆ ಮಾಡುತ್ತಿದ್ದರು.

ಈ ವಿದ್ಯೆಯ ಬುನಾದಿ ಹಾಕಿದವನು ಜರ್ಮನಿಯ ಜೋಸೆಫ್ ಕೈಸರ್. ಒಮ್ಮೆ ಹೊತ್ತ ಭಾರವನ್ನು ಲೋಹ ಮರೆಯುವುದಿಲ್ಲ, ಮತ್ತೆ ಅಷ್ಟೇ ಭಾರ ಹೇರಿದರೆ ಸುಮ್ಮನಿದ್ದು, ಅದನ್ನು ಮೀರಿದಾಗ ಮಾತ್ರ ಸದ್ದು ಮಾಡುತ್ತದೆ ಎಂದು ಅವನು 1950ರ ತನ್ನ ಪ್ರಬಂಧದಲ್ಲಿ ತೋರಿಸಿದ. ಹಿಂದೆ ಸಹಿಸಿದ್ದ ಒತ್ತಡ ತಲುಪುವ ಮೊದಲೇ ಟ್ಯಾಂಕೊಂದು ಸದ್ದು ಮಾಡಿದರೆ, ನಡುವೆ ಏನೋ ಕೆಟ್ಟಿದೆ ಎಂದರ್ಥ.

ಮುಂದಿನ ದೊಡ್ಡ ಹೆಜ್ಜೆ ನಮ್ಮ ನೆರೆಯಲ್ಲೇ ಆಯಿತು. ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗುವ ನಮಗೆ ಲಿವರ್‌ಮೋರ್ ಪರಿಚಿತ ಊರು. ಅಲ್ಲಿನ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1960ರ ದಶಕದಲ್ಲಿ ಹೆರಾಲ್ಡ್ ಡನೆಗನ್, ಕ್ಲೆಮೆಂಟ್ ಟ್ಯಾಟ್ರೊ ಮೊದಲಾದವರು ಒಂದು ಸರಳ ಉಪಾಯ ಮಾಡಿದರು. ಯಂತ್ರಗಳ ಗದ್ದಲ ಬಹುಪಾಲು ಕಿವಿಗೆ ಕೇಳುವ ಕೆಳಗಿನ ಆವರ್ತನದ್ದು. ಬಿರುಕಿನ ಸದ್ದು ಅದಕ್ಕಿಂತ ಬಹಳ ಮೇಲಕ್ಕೂ ಹೋಗುತ್ತದೆ. ಆದ್ದರಿಂದ ಅವರು ಮನುಷ್ಯನ ಕಿವಿಯ ಮಿತಿಯಾದ 20 ಕಿಲೋಹರ್ಟ್ಸ್ ದಾಟಿ, 100 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಆಲಿಸತೊಡಗಿದರು. ನಿಶ್ಶಬ್ದ ಕೋಣೆಯಲ್ಲಿ ಮಾತ್ರ ನಡೆಯುತ್ತಿದ್ದ ಪ್ರಯೋಗ ಕಾರ್ಖಾನೆಗೆ, ಸೇತುವೆಗೆ ಬರಲು ಸಾಧ್ಯವಾದದ್ದು ಹೀಗೆ.

ಆದರೂ ಇದನ್ನು ಸರ್ವರೋಗಕ್ಕೂ ಮದ್ದು ಎಂದುಕೊಳ್ಳಬಾರದು. ಬೆಳೆಯದೆ ಸುಮ್ಮನಿರುವ ಬಿರುಕು ಎಷ್ಟೇ ದೊಡ್ಡದಿದ್ದರೂ ಸದ್ದು ಮಾಡುವುದಿಲ್ಲ. ಮಳೆ ಹನಿ, ಸಡಿಲ ಬೋಲ್ಟಿನ ಉಜ್ಜಾಟ, ಲಾರಿಯ ಕುಲುಕಾಟ ಸುಳ್ಳು ಸುದ್ದಿ ಕೊಡಬಹುದು. ಬಿರುಕಿನ ಉದ್ದ ಎಷ್ಟೆಂದೂ ಸದ್ದಿನಿಂದ ನೇರವಾಗಿ ತಿಳಿಯುವುದಿಲ್ಲ. ಬೇ ಬ್ರಿಡ್ಜ್‌ನ ಆ ಮೊದಲ ಬಿರುಕನ್ನು ಕಂಡದ್ದು ಕೂಡ ಮನುಷ್ಯರ ಕಣ್ಣೇ. ಸೆನ್ಸರ್ ಎಲ್ಲಿ ನೋಡಬೇಕೆಂದು ಹೇಳುತ್ತದೆ, ಅಷ್ಟೆ. ಆಮೇಲೆ ಯಾರಾದರೂ ಅಲ್ಲಿಗೆ ಹತ್ತಿ ಅಲ್ಟ್ರಾಸೌಂಡ್ ಉಪಕರಣ ಹಿಡಿದು ಪರೀಕ್ಷಿಸಲೇಬೇಕು.