ಕೇಬಲ್ ಹೊಸದು, ಬಿಗಿತ ಹಳೆಯದು: ಕ್ಲಚ್ ಪೆಡಲ್ ಭಾರವಾದಾಗ ದೋಷ ಹುಡುಕುವ ಬಗೆ

ಬಂಟ್ವಾಳದ ಬಿ.ಸಿ. ರೋಡ್‌ನಲ್ಲಿ ಬೆಂಗಳೂರಿನ ಹೆದ್ದಾರಿಯೂ ಬೆಳ್ತಂಗಡಿ–ಚಾರ್ಮಾಡಿಯ ಹೆದ್ದಾರಿಯೂ ಕೂಡುತ್ತವೆ. ಅಲ್ಲಿ ಬಸ್ಸು, ಲಾರಿಗಳ ನಡುವೆ ಸಿಕ್ಕಿಕೊಂಡ ಸಣ್ಣ ಕಾರಿನ ಚಾಲಕ ಎಷ್ಟು ಬಾರಿ ಕ್ಲಚ್ ತುಳಿಯುತ್ತಾನೆಂದು ಯಾರೂ ಲೆಕ್ಕವಿಡುವುದಿಲ್ಲ. ಪೆಡಲ್ ಬಿಗಿಯಾದ ದಿನ ಮಾತ್ರ ಎಡ ಮೊಣಕಾಲೇ ಲೆಕ್ಕ ಒಪ್ಪಿಸುತ್ತದೆ.

ನಮ್ಮ ಮನೆಯ ಹಳೆಯ ಮಾರುತಿ 800ರಲ್ಲಿ ಒಂದು ಮಳೆಗಾಲ ಹೀಗೇ ಆಯಿತು. ದಿನದಿಂದ ದಿನಕ್ಕೆ ಪೆಡಲ್ ಭಾರವಾಗುತ್ತ ಬಂದು, ಗುರುವಾಯನಕೆರೆಯ ಸಮೀಪ ಕ್ಲಚ್ ಕೇಬಲ್ ತುಂಡಾಯಿತು. ಒಳಗಿನ ತಂತಿ ತುಕ್ಕು ಹಿಡಿದು ಕೆಂಪಾಗಿತ್ತು. ಹೊಸ ಕೇಬಲ್ ಹಾಕಿಸಿದೆವು. ಕಾರು ಓಡಿತು, ಆದರೆ ಬಿಗಿತ ಹೋಗಲಿಲ್ಲ. ‘ಹಾಗಾದರೆ ಕ್ಲಚ್ ಪ್ಲೇಟೇ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಎಂಬ ಸಲಹೆ ಬಂತು. ಸಾವಿರಾರು ರೂಪಾಯಿಯ ಮಾತು. ಮೂಡುಬಿದಿರೆಯಲ್ಲಿ ಪರಿಚಯದ ಹಿರಿಯ ಮೆಕ್ಯಾನಿಕರೊಬ್ಬರಿಗೆ ಕಾರು ತೋರಿಸಿದೆ. ಅವರು ಹೇಳಿದ್ದು ಇಷ್ಟೇ: ‘ಇಳಿಸುವುದು ಇದ್ದೇ ಉಂಟು ಮಾರಾಯ್ರೇ. ಮೊದಲು ಕೇಬಲ್‌ನ ತುದಿ ಬಿಚ್ಚಿ ನೋಡುವ.’

ಈ ಒಂದು ಮಾತಿನಲ್ಲಿ ದೋಷ ಹುಡುಕುವ ಶಾಸ್ತ್ರವೇ ಅಡಗಿದೆ. ಅದನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಕೇಬಲ್ ಮಾಡುವ ಕೆಲಸ

ಕ್ಲಚ್ ಕೇಬಲ್ ಎಂದರೆ ಕೊಳವೆಯಂಥ ಹೊದಿಕೆಯೊಳಗೆ ಜಾರುವ ಉಕ್ಕಿನ ತಂತಿ. ಅರ್ನೆಸ್ಟ್ ಬೌಡೆನ್ ಎಂಬವರು 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇದು. ಸೈಕಲ್ಲಿನ ಬ್ರೇಕ್ ತಂತಿಯೂ ಇದೇ ಜಾತಿಯದು. ಪೆಡಲ್ ತುಳಿದಾಗ ತಂತಿಯು ಗೇರ್‌ಬಾಕ್ಸಿನ ಮೇಲಿರುವ ಲಿವರನ್ನು ಎಳೆಯುತ್ತದೆ. ಆ ಲಿವರ್ ಒಳಗಿನ ಬೇರಿಂಗನ್ನು ಪ್ರೆಷರ್ ಪ್ಲೇಟಿನ ಸ್ಪ್ರಿಂಗಿಗೆ ಒತ್ತಿ, ಕ್ಲಚ್ ಪ್ಲೇಟನ್ನು ಬಿಡಿಸುತ್ತದೆ.

ತಂತಿ ಬಾಗಿದಲ್ಲೆಲ್ಲ ಹೊದಿಕೆಗೆ ಉಜ್ಜುತ್ತದೆ. ಈ ಘರ್ಷಣೆ ಬಾಗಿನೊಂದಿಗೆ ಗುಣಾಕಾರದಲ್ಲಿ ಬೆಳೆಯುತ್ತದೆ. ಘರ್ಷಣಾಂಕ 0.15 ಎಂದು ಹಿಡಿದು ಲೆಕ್ಕ ಹಾಕಿದರೆ, ಲಿವರಿನ ತುದಿಯಲ್ಲಿ 10 ಕಿಲೋ ಎಳೆತ ಸಿಗಬೇಕಾದರೆ, ಒಟ್ಟು 90 ಡಿಗ್ರಿ ಬಾಗಿದ ಕೇಬಲನ್ನು ಈಚೆಯಿಂದ ಸುಮಾರು 12.7 ಕಿಲೋದಷ್ಟು ಎಳೆಯಬೇಕು. 180 ಡಿಗ್ರಿ ಬಾಗಿದರೆ 16 ಕಿಲೋ. 270 ಡಿಗ್ರಿಗೆ 20 ಕಿಲೋ. ಅಂದರೆ ಹೊಚ್ಚ ಹೊಸ ಕೇಬಲನ್ನೂ ತಪ್ಪು ದಾರಿಯಲ್ಲಿ ಸುತ್ತಿಸಿ ಹಾಕಿದರೆ ಪೆಡಲ್ ಭಾರವಾಗುವುದು ಸಹಜ.

ಪರೀಕ್ಷೆಯ ಕ್ರಮ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಗೇರ್‌ಬಾಕ್ಸಿನ ಬದಿಯ ನಟ್ ಸಡಿಲಿಸಿ ಕೇಬಲ್‌ನ ತುದಿಯನ್ನು ಲಿವರಿನಿಂದ ಬಿಡಿಸಿ. ಬಳಿಕ ಪೆಡಲನ್ನು ಕೈಯಿಂದಲೇ ಒತ್ತಿ ನೋಡಿ.

ಈಗಲೂ ಬಿಗಿಯಾಗಿದ್ದರೆ ದೋಷ ಕೇಬಲ್‌ನಲ್ಲಿದೆ, ಇಲ್ಲವೇ ಪೆಡಲಿನಲ್ಲಿದೆ. ಗೇರ್‌ಬಾಕ್ಸ್ ಇಳಿಸುವ ಪ್ರಶ್ನೆಯೇ ಇಲ್ಲ. ಕೇಬಲನ್ನು ಪೆಡಲಿನಿಂದಲೂ ಬಿಡಿಸಿ. ಪೆಡಲ್ ಒಂದೇ ಆಡುವಾಗಲೂ ಹಿಡಿಯುತ್ತಿದ್ದರೆ ಅದರ ಬುಷ್ ಒಣಗಿದೆ. ಶುಚಿ ಮಾಡಿ ಗ್ರೀಸ್ ಹಚ್ಚಿದರೆ ಸಾಕು. ಪೆಡಲ್ ಸಲೀಸಾಗಿದ್ದರೆ ಕೇಬಲ್ಲೇ ಅಪರಾಧಿ. ಅದು ಎಲ್ಲಿಯಾದರೂ ಚೂಪಾಗಿ ತಿರುಗಿದೆಯೇ, ಬ್ಯಾಟರಿಯ ತಟ್ಟೆಗೆ ಒತ್ತಿಕೊಂಡಿದೆಯೇ, ಬಿಸಿಯಾದ ಸೈಲೆನ್ಸರ್ ಪೈಪಿಗೆ ತಾಗುತ್ತಿದೆಯೇ, ಹೊದಿಕೆಯ ತುದಿ ತನ್ನ ಗೂಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ನಟ್ ತಿರುಗಿಸುವಾಗ ತಂತಿಯನ್ನು ಹಿಡಿದುಕೊಳ್ಳದಿದ್ದರೆ ತಂತಿಯೇ ತಿರುಚಿಕೊಳ್ಳುವುದುಂಟು. ಬೇರೆ ಮಾದರಿಯ ಕೇಬಲ್ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ತೊಂದರೆ ಕೊಡುತ್ತದೆ. ಹಳೆಯದನ್ನು ಪಕ್ಕದಲ್ಲಿಟ್ಟು ಅಳೆಯಿರಿ.

ಕೇಬಲ್ ಬಿಡಿಸಿದ ಕೂಡಲೇ ಪೆಡಲ್ ಹಗುರವಾಗಿ, ತಂತಿಯೂ ಸಲೀಸಾಗಿ ಜಾರಿದರೆ ದೋಷ ಆಚೆ ಬದಿಯದು. ಲಿವರಿನ ಶಾಫ್ಟ್ ಕೂರುವ ಬುಷ್ ಕೆಸರು, ತುಕ್ಕಿನಿಂದ ಹಿಡಿದಿರಬಹುದು; ಹಾಗಿದ್ದರೆ ಲಿವರ್ ನಿಧಾನವಾಗಿ ಹಿಂದೆ ಬರುತ್ತದೆ. ಅದು ಚುರುಕಾಗಿ ಹಿಂದೆ ಬಂದೂ ಭಾರವಾಗಿದ್ದರೆ ಪ್ಲೇಟ್ ಸವೆದಿರುವ ಸಾಧ್ಯತೆ ಹೆಚ್ಚು. ಪ್ಲೇಟ್ ತೆಳುವಾದಂತೆ ಸ್ಪ್ರಿಂಗಿನ ಬೆರಳುಗಳು ಹೊರಕ್ಕೆ ಬಾಗಿ, ಒತ್ತಲು ಹೆಚ್ಚು ಬಲ ಬೇಕಾಗುತ್ತದೆ. ಗೇರ್‌ಬಾಕ್ಸ್ ಇಳಿಸುವುದು ಈಗ ನ್ಯಾಯ. ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ನೋಡಿಸಿ. ಶಾಫ್ಟಿನ ಬುಷ್ ಮರೆಯಬೇಡಿ.

ಕೇಬಲ್ ಪದೇ ಪದೇ ಕೆಟ್ಟರೆ

ಕೆಲವು ಕಾರುಗಳಲ್ಲಿ ಹೊಸ ಕೇಬಲ್ ಕೆಲವೇ ವಾರಗಳಲ್ಲಿ ಮತ್ತೆ ಬಿಗಿಯಾಗುತ್ತದೆ. ಆಗ ಇಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿಯನ್ನು ಪರೀಕ್ಷಿಸಿ. ಅದು ತುಂಡಾಗಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ, ಸ್ಟಾರ್ಟ್ ಮಾಡುವಾಗಿನ ಭಾರಿ ವಿದ್ಯುತ್ತು ಕ್ಲಚ್ ಕೇಬಲ್‌ನ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ. ತಂತಿ ಕಾದು ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಅಂಟಿಕೊಳ್ಳುತ್ತದೆ. ಎಷ್ಟು ಕೇಬಲ್ ಬದಲಿಸಿದರೂ ಪಟ್ಟಿ ಸರಿಯಾಗದೆ ಗುಣ ಕಾಣದು.

ಬಿಗಿ ಮಾಡಿ ಹಗುರ ಮಾಡಲಾಗದು

ಭಾರವೆಂದು ನಟ್ ತಿರುಗಿಸಿ ಕೇಬಲನ್ನು ಎಳೆದು ಕಟ್ಟುವವರಿದ್ದಾರೆ. ಇದು ಅಪಾಯಕರ. ಪೆಡಲಿಗೆ ಆರಂಭದಲ್ಲಿ ಸ್ವಲ್ಪ ಖಾಲಿ ಚಲನೆ, ಮೆಕ್ಯಾನಿಕರು ‘ಪ್ಲೇ’ ಎನ್ನುವುದು, ಇರಲೇಬೇಕು. ಹಲವು ಸಣ್ಣ ಕಾರುಗಳಲ್ಲಿ ಅದು 15ರಿಂದ 25 ಮಿಲಿಮೀಟರಿನ ಆಸುಪಾಸು. ನಿಮ್ಮ ವಾಹನದ ಕೈಪಿಡಿಯ ಅಳತೆಯೇ ಅಂತಿಮ. ಪ್ಲೇ ಇಲ್ಲದಿದ್ದರೆ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತದೆ. ಚಾರ್ಮಾಡಿ ಘಾಟಿ ಏರುವಾಗ ಇಂಜಿನ್ ಅಬ್ಬರಿಸಿ, ಕಾರು ಏರದೆ, ಸುಟ್ಟ ವಾಸನೆ ಬಂದರೆ ಅರ್ಥ ಇದೇ. ತಿರುವಿನಲ್ಲಿ, ಹಿಂದೆ ಬಸ್ಸು ಬರುತ್ತಿರುವಾಗ, ಇದು ಕಾಲುನೋವಿಗಿಂತ ದೊಡ್ಡ ಸಂಕಟ.

ನಮ್ಮ ಕಡೆಯ ಮಳೆ ಮತ್ತು ಕೆಂಪು ಮಣ್ಣಿನ ಕೆಸರು ಕೇಬಲ್‌ನ ಶತ್ರುಗಳು. ತುದಿಯ ರಬ್ಬರ್ ಟೋಪಿ ಹರಿದಿದ್ದರೆ ಜೂನ್‌ಗೆ ಮೊದಲೇ ಬದಲಿಸಿ. ಒಳಗೆ ಪ್ಲಾಸ್ಟಿಕ್ ಪದರವಿರುವ ಕೇಬಲ್‌ಗೆ ಎಣ್ಣೆ ಬಿಡುವ ಅಭ್ಯಾಸ ಬೇಡ. ಎಣ್ಣೆ ಧೂಳನ್ನು ಹಿಡಿದಿಡುತ್ತದೆ. ಪೆಡಲ್ ಭಾರವಾಗತೊಡಗಿದಾಗಲೇ ನೋಡಿಸಿ, ತುಂಡಾಗುವವರೆಗೆ ಕಾಯಬೇಡಿ.

ನಮ್ಮ ಕಾರಿನ ಕಥೆ ಏನಾಯಿತು? ತುದಿ ಬಿಡಿಸಿದರೂ ಪೆಡಲ್ ಬಿಗಿಯಾಗಿಯೇ ಇತ್ತು. ಹೊಸ ಕೇಬಲನ್ನು ಹಳೆಯ ದಾರಿ ಬಿಟ್ಟು, ಬ್ಯಾಟರಿಯ ಅಡಿಯಲ್ಲಿ ಒಂದು ಸುತ್ತು ಹೆಚ್ಚಾಗಿ ತೂರಿಸಲಾಗಿತ್ತು. ಸರಿಯಾದ ದಾರಿಗೆ ತಂದಾಗ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಹಳೆಯ ಬಿಗಿತ ತುಕ್ಕಿನದು, ಹೊಸ ಬಿಗಿತ ಬಾಗಿನದು. ಲಕ್ಷಣ ಒಂದೇ, ಕಾರಣ ಎರಡು. ಗೇರ್‌ಬಾಕ್ಸ್ ಇದ್ದಲ್ಲೇ ಉಳಿಯಿತು. ಆದುದರಿಂದ ಓದುಗರು ದುಬಾರಿ ರಿಪೇರಿಗೆ ಒಪ್ಪುವ ಮುನ್ನ, ‘ಒಮ್ಮೆ ಕೇಬಲ್ ಬಿಚ್ಚಿ ನೋಡುವ’ ಎಂದು ಕೇಳಲು ಸಂಕೋಚಪಡಬಾರದು.