ದಹನದ ಪಾಠ ಮತ್ತು ಅಗ್ನಿ ಸುರಕ್ಷತಾ ತಪಾಸಣೆ

ಎಂಟನೇ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠಕ್ಕೆ ನಾನು ಅಗ್ನಿ ಸುರಕ್ಷತಾ ತಪಾಸಣೆಯನ್ನೇ ಚಟುವಟಿಕೆಯಾಗಿ ಆರಿಸಿಕೊಂಡೆ. ಬೆಂಕಿಗೆ ಇಂಧನ, ಗಾಳಿ, ಜ್ವಲನ ತಾಪ ಮೂರೂ ಬೇಕು. ಒಂದು ತಪ್ಪಿದರೂ ಅದು ಆರುತ್ತದೆ. ತಪಾಸಣೆ ಇವುಗಳ ಜೊತೆಗೆ ಮಕ್ಕಳು ಹೊರಬರುವ ದಾರಿಯನ್ನೂ ನೋಡುತ್ತದೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿತು. ಮೆಟ್ಟಿಲು ಇಕ್ಕಟ್ಟಾಗಿತ್ತು, 94 ಮಕ್ಕಳು ಸತ್ತರು. ಶಾಲೆಗಳಲ್ಲಿ ಅಗ್ನಿಶಾಮಕ ಉಪಕರಣವೂ ಅದನ್ನು ಬಳಸಬಲ್ಲ ಸಿಬ್ಬಂದಿಯೂ ಇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ವರ್ಷಕ್ಕೊಮ್ಮೆಯ ತಪಾಸಣೆ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಮರುದಿನವೇ ಮೆಟ್ಟಿಲಿಗೆ ಅಡ್ಡವಾಗಿ ಮುರಿದ ಬೆಂಚು ಬರಬಹುದು. ಬೀದರ್ ನಗರವಿರಲಿ, ಭಾಲ್ಕಿ, ಔರಾದ್ ತಾಲ್ಲೂಕುಗಳ ದೂರದ ಹಳ್ಳಿಯಿರಲಿ, ಅಗ್ನಿಶಾಮಕ ವಾಹನ ಬರುವವರೆಗಿನ ನಿಮಿಷಗಳು ಶಿಕ್ಷಕರ ಕೈಯಲ್ಲೇ ಇರುತ್ತವೆ.

ಆದ್ದರಿಂದ ಪ್ರತಿ ತಿಂಗಳು ಮಕ್ಕಳು ಶಿಕ್ಷಕರೊಂದಿಗೆ ಸುತ್ತಿ ನಾಲ್ಕು ಪ್ರಶ್ನೆ ಕೇಳಲಿ: ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ? ಬಿಸಿಯೂಟದ ಅಡುಗೆಕೋಣೆಯ ಗ್ಯಾಸ್ ಪೈಪು ಬಿರಿದಿದೆಯೇ? ವೈರು ಸುಲಿದಿದೆಯೇ? ಎರಡನೇ ಬಾಗಿಲಿಗೆ ಬೀಗ ಬಿದ್ದಿದೆಯೇ? ಕಂಡದ್ದನ್ನು ದಿನಾಂಕ ಹಾಕಿ ಮುಖ್ಯ ಗುರುಗಳಿಗೆ ಕೊಡಲಿ. ಮನೆಯಲ್ಲೂ ಗ್ಯಾಸ್ ಪೈಪು, ವೈರುಗಳನ್ನು ಹಿರಿಯರೊಂದಿಗೆ ನೋಡಲಿ.